ಗದ್ದೆಗೆ ಮಣ್ಣು ಬೀಳುವಾಗ ಮೊದಲು ನೋಡಬೇಕಾದ ಕಾಗದ

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ನಮ್ಮ ಬಯಲಿನಲ್ಲಿ ಹನ್ನೆರಡು ಎಕ್ರೆಯಷ್ಟು ಗದ್ದೆಯಿದೆ. ನಡುವೆ ತೋಡು ಹರಿಯುತ್ತದೆ. ಮೂಡು ದಿಕ್ಕಿಗೆ ಕಾಡು ತುಂಬಿದ ಗುಡ್ಡ, ಅದರ ಬುಡದಲ್ಲಿ ಎರಡು ಸುರಂಗಗಳು ಮತ್ತು ಒಂದು ನಾಗಬನ. ಊರಿನಲ್ಲಿಲ್ಲದ ಇಬ್ಬರ ಗದ್ದೆಗಳು ಏಳೆಂಟು ವರ್ಷಗಳಿಂದ ಹಡಿಲು ಬಿದ್ದಿದ್ದವು. ಕಳೆದ ವರ್ಷ ಅವು ಮಾರಾಟವಾದವು. ಈಗ ಮನೆ ನಿವೇಶನ ಮಾಡುವುದಕ್ಕೆಂದು ರಾತ್ರಿ ಹೊತ್ತು ಟಿಪ್ಪರ್‌ಗಳಲ್ಲಿ ಮಣ್ಣು ತಂದು ಸುರಿಯುತ್ತಿದ್ದಾರೆ. ತೋಡು ಅರ್ಧಕ್ಕರ್ಧ ಕಿರಿದಾಗಿದೆ. ಗುಡ್ಡದ ಮೇಲ್ಭಾಗದಲ್ಲಿ ಕೆಂಪುಕಲ್ಲಿನ ಕೋರೆಯೂ ಆರಂಭವಾಗಿದೆ. ಕಚೇರಿಯಲ್ಲಿ ವಿಚಾರಿಸಿದರೆ ‘ಅದು ಖಾಸಗಿ ಜಾಗ, ನಾವೇನು ಮಾಡುವುದು’ ಎಂದರು. ನಾವು ಅಭಿವೃದ್ಧಿಯ ವಿರೋಧಿಗಳಲ್ಲ. ನಮ್ಮ ಮಕ್ಕಳಿಗೂ ಮನೆ, ರಸ್ತೆ ಬೇಕು. ಬೇಸಾಯ ಮಾಡುವ ಐದು ಮನೆಯವರು ಮಾತ್ರ ಉಳಿದಿದ್ದೇವೆ. ಎಲ್ಲಿಂದ ಆರಂಭಿಸಬೇಕು?

ಉತ್ತರ: ಕಚೇರಿಯಲ್ಲಿ ನಿಮಗೆ ಸಿಕ್ಕಿದ ಉತ್ತರ ಸರಿಯಲ್ಲ. ಕೇರಳದಲ್ಲಿ ಗದ್ದೆಯ ಒಡೆತನ ಖಾಸಗಿಯಾಗಿದ್ದರೂ ಅದನ್ನು ಗದ್ದೆಯಲ್ಲದಂತೆ ಮಾಡುವ ಸ್ವಾತಂತ್ರ್ಯ ಒಡೆಯನಿಗಿಲ್ಲ. 1967ರ ಭೂ ವಿನಿಯೋಗ ಆದೇಶದ ಕಾಲದಿಂದಲೂ ಇದಕ್ಕೆ ಅನುಮತಿ ಬೇಕಾಗಿತ್ತು. 2008ರಲ್ಲಿ ಭತ್ತದ ಗದ್ದೆ ಹಾಗೂ ಜೌಗುಭೂಮಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಗದ್ದೆ ತುಂಬಿಸುವುದು ಶಿಕ್ಷಾರ್ಹ ಅಪರಾಧವಾಯಿತು. ಕಚೇರಿಗಳಲ್ಲಿ ‘ನೆಲ್‌ವಯಲ್ ನಿಯಮಂ’ (ಗದ್ದೆ ಕಾಯಿದೆ) ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಈ ಕಾಯಿದೆಯ ಪ್ರಕಾರ ವರ್ಷಕ್ಕೆ ಒಮ್ಮೆಯಾದರೂ ಭತ್ತ ಬೆಳೆಯುವ ಭೂಮಿ ಮಾತ್ರವಲ್ಲ, ಭತ್ತ ಬೆಳೆಯಲು ತಕ್ಕದ್ದಾಗಿದ್ದು ಹಡಿಲು ಬಿಟ್ಟ ಭೂಮಿಯೂ ಗದ್ದೆಯೇ. ಗದ್ದೆಗೆ ಸೇರಿದ ಹುಣಿ (ಬದು), ನೀರು ಹರಿಯುವ ಕಣಿ, ಕೆರೆ, ಕಾಲುವೆಗಳೂ ಆ ಅರ್ಥದೊಳಗೆ ಬರುತ್ತವೆ. ಹಾಗಾಗಿ ಏಳೆಂಟು ವರ್ಷ ಉಳುಮೆ ಇರಲಿಲ್ಲವೆಂಬ ಕಾರಣಕ್ಕೆ ಆ ಎರಡು ಗದ್ದೆಗಳು ಕಾಯಿದೆಯಿಂದ ಹೊರಗೆ ಹೋಗುವುದಿಲ್ಲ.

ಆದರೆ ಕಾಯಿದೆ ಇದೆ ಎಂದ ಮಾತ್ರಕ್ಕೆ ಟಿಪ್ಪರ್ ನಿಲ್ಲುವುದಿಲ್ಲ. ಅದು ನಿಲ್ಲುವುದು ಆ ಗದ್ದೆಗಳ ಸರ್ವೆ ನಂಬ್ರ ಯಾವ ದಾಖಲೆಯಲ್ಲಿ ಹೇಗೆ ಬರೆದಿದೆ ಎಂಬುದರ ಮೇಲೆ. ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಮಣ್ಣು ಮತ್ತು ನೀರಿನ ಸಂರಕ್ಷಣೆಯ ಕೆಲಸದಲ್ಲಿದ್ದ ಕಾಲದಲ್ಲಿ ಒಮ್ಮೆ ಊರಿನವರೊಡನೆ ಸೇರಿ ಮಣ್ಣಿನ ಲಾರಿಯನ್ನು ತಡೆಯುವುದಕ್ಕೆ ನಾನೂ ಹೋಗಿದ್ದೆ. ಎರಡು ದಿನ ಕೆಲಸ ನಿಂತಿತು. ಮೂರನೆಯ ದಿನ ಎದುರು ಪಕ್ಷದವರು ಒಂದು ಕಾಗದ ತೋರಿಸಿದರು. ನಾವು ಗದ್ದೆಯೆಂದು ವಾದಿಸುತ್ತಿದ್ದ ಜಾಗದ ನಂಬ್ರ ಪಂಚಾಯತಿನ ಪಟ್ಟಿಯಲ್ಲಿ ಇರಲೇ ಇಲ್ಲ. ಮೊದಲೇ ನೋಡಿದ್ದರೆ ನಮ್ಮ ವಾದವನ್ನು ಬೇರೆ ಕಡೆಯಿಂದ ಕಟ್ಟಬಹುದಿತ್ತು.

ಆ ಪಟ್ಟಿಯ ಹೆಸರು ಡೇಟಾ ಬ್ಯಾಂಕ್. ಪ್ರತಿ ಪಂಚಾಯತಿನಲ್ಲಿ ಗದ್ದೆ ಮತ್ತು ಜೌಗುಭೂಮಿಗಳನ್ನು ಸರ್ವೆ ನಂಬ್ರ ಸಹಿತ ಗುರುತಿಸಿ ಪ್ರಕಟಿಸಬೇಕೆಂದು 2008ರ ಕಾಯಿದೆ ಹೇಳಿತು. ಆ ಕೆಲಸವನ್ನು ಸ್ಥಳೀಯ ನಿಗಾ ಸಮಿತಿಗೆ ವಹಿಸಿತು. ಪಂಚಾಯತ್ ಅಧ್ಯಕ್ಷರು ಈ ಸಮಿತಿಯ ಅಧ್ಯಕ್ಷರು, ಕೃಷಿ ಭವನದ ಅಧಿಕಾರಿ ಸಂಚಾಲಕರು. ವಿಲೇಜ್ ಆಫೀಸರ್ ಮತ್ತು ಬೇಸಾಯಗಾರರ ಪ್ರತಿನಿಧಿಗಳು ಸದಸ್ಯರು. ನಿಮ್ಮ ಪಂಚಾಯತಿನಲ್ಲಿ ಆ ಬೇಸಾಯಗಾರ ಪ್ರತಿನಿಧಿಗಳು ಯಾರೆಂದು ಮೊದಲು ತಿಳಿದುಕೊಳ್ಳಿ. ಎಷ್ಟೋ ಕಡೆಗಳಲ್ಲಿ ಅವರ ಹೆಸರು ಊರವರಿಗೇ ಗೊತ್ತಿರುವುದಿಲ್ಲ.

ಡೇಟಾ ಬ್ಯಾಂಕಿನ ಪ್ರತಿ ಕೃಷಿ ಭವನದಲ್ಲಿ ನೋಡಲು ಸಿಗಬೇಕು. ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಉತ್ತರಕ್ಕೆ 30 ದಿನಗಳ ಗಡುವಿದೆ. ಅದರೊಂದಿಗೆ ವಿಲೇಜ್ ಆಫೀಸಿನ ಮೂಲ ತೆರಿಗೆ ರಿಜಿಸ್ಟರಿನಲ್ಲಿ ಅದೇ ನಂಬ್ರದ ಮುಂದೆ ಏನಿದೆ ಎಂಬುದನ್ನೂ ನೋಡಬೇಕು. ‘ನಿಲಂ’ ಎಂದೋ ಹಳೆಯ ದಾಖಲೆಗಳ ‘ನಂಜ’ ಎಂದೋ ಇದ್ದರೆ ಅದು ಗದ್ದೆ. ‘ಪುರಯಿಡಂ’, ‘ಬಾಗಾಯ್ತು’, ‘ಪುಂಜ’ ಎಂದಿದ್ದರೆ ಅದು ಮನೆಯಡಿ, ತೋಟ ಅಥವಾ ಒಣಭೂಮಿ, ಗದ್ದೆಯಲ್ಲ. ಈ ಎರಡು ಕಾಗದಗಳನ್ನು ಎದುರು ಬದುರು ಇಟ್ಟರೆ ನಿಮ್ಮ ಸ್ಥಿತಿ ಮೂರರಲ್ಲಿ ಒಂದಾಗಿರುತ್ತದೆ.

ಡೇಟಾ ಬ್ಯಾಂಕಿನಲ್ಲಿ ನಂಬ್ರ ಇದ್ದರೆ ನಿಮ್ಮ ಕೈ ಮೇಲಾಯಿತು. ಅಲ್ಲಿ ಮಣ್ಣು ತುಂಬಿಸುವಂತಿಲ್ಲ. ಬೇರೆ ಜಾಗವಿಲ್ಲದ ಗದ್ದೆಯ ಒಡೆಯ ತನ್ನ ವಾಸಕ್ಕೆ ಮನೆ ಕಟ್ಟಲು ಪಂಚಾಯತ್ ಪ್ರದೇಶದಲ್ಲಿ 10 ಸೆಂಟ್ಸ್‌ವರೆಗೆ ಜಿಲ್ಲಾ ಮಟ್ಟದ ಸಮಿತಿಯಿಂದ ಅನುಮತಿ ಪಡೆಯಬಹುದು. ಸಾರ್ವಜನಿಕ ಉದ್ದೇಶಕ್ಕೆ ಸರಕಾರವೇ ವಿನಾಯಿತಿ ಕೊಡಬಹುದು. ಮಾರಾಟದ ನಿವೇಶನಗಳು ಇವೆರಡರಲ್ಲಿಯೂ ಸೇರುವುದಿಲ್ಲ. ಕೃಷಿ ಅಧಿಕಾರಿಗೆ ಕಾಯಿದೆಯಲ್ಲಿ ವರದಿ ಮಾಡುವ ಅಧಿಕಾರಿಯ ಸ್ಥಾನವಿದೆ. ಅಂದರೆ ಉಲ್ಲಂಘನೆ ಕಂಡರೆ ಆರ್‌ಡಿಒಗೆ (ಕಂದಾಯ ವಿಭಾಗಾಧಿಕಾರಿಗೆ) ತಿಳಿಸುವುದು ಅವರ ಕರ್ತವ್ಯ, ನಿಮಗೆ ಮಾಡುವ ಉಪಕಾರವಲ್ಲ. ವಿಲೇಜ್ ಆಫೀಸರ್ ಸ್ಟಾಪ್ ಮೆಮೊ ಕೊಡಬಹುದು. ಮಣ್ಣು ತರುವ ವಾಹನ, ಯಂತ್ರಗಳನ್ನು ಜಪ್ತಿ ಮಾಡುವ ಅಧಿಕಾರವೂ ಕಾಯಿದೆಯಲ್ಲಿದೆ. ತುಂಬಿಸಿಯಾದ ಗದ್ದೆಯನ್ನು ಮೊದಲಿನ ಸ್ಥಿತಿಗೆ ತರುವಂತೆ ಆದೇಶಿಸುವ ಅಧಿಕಾರ ಜಿಲ್ಲಾಧಿಕಾರಿಗೆ 13ನೇ ಸೆಕ್ಷನಿನಲ್ಲಿದೆ. 23ನೇ ಸೆಕ್ಷನಿನ ಪ್ರಕಾರ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷದವರೆಗಿನ ಸೆರೆವಾಸ, 50,000ದಿಂದ ಒಂದು ಲಕ್ಷ ರೂಪಾಯಿಯವರೆಗಿನ ದಂಡ. ಆದರೆ ನನ್ನ ಅನುಭವದಲ್ಲಿ ಶಿಕ್ಷೆಗಿಂತ ಹೆಚ್ಚು ಕೆಲಸ ಮಾಡುವುದು 14ನೇ ಸೆಕ್ಷನ್. ಕಾಯಿದೆ ಮೀರಿ ತುಂಬಿಸಿದ ಜಾಗದಲ್ಲಿ ಕಟ್ಟಡಕ್ಕೆ ಸ್ಥಳೀಯ ಸಂಸ್ಥೆ ಪರವಾನಗಿ ಕೊಡುವಂತಿಲ್ಲ ಎಂದು ಅದು ಹೇಳುತ್ತದೆ. ನಿವೇಶನ ಕೊಳ್ಳಲು ಬರುವವರಿಗೆ ಇದು ತಿಳಿದರೆ ಮುಂಗಡ ಕೊಡುವ ಮೊದಲು ಅವರೇ ಎರಡು ಸಲ ಯೋಚಿಸುತ್ತಾರೆ.

ಡೇಟಾ ಬ್ಯಾಂಕಿನಲ್ಲಿ ಇಲ್ಲ, ಆದರೆ ತೆರಿಗೆ ರಿಜಿಸ್ಟರಿನಲ್ಲಿ ನಿಲಂ ಎಂದಿದೆ ಎಂದಾದರೆ ಅದು 2018ರ ತಿದ್ದುಪಡಿಯ 27ಎ ಸೆಕ್ಷನಿನೊಳಗೆ ಬರುತ್ತದೆ. ಅಲ್ಲಿಯೂ ಆರ್‌ಡಿಒ ಅನುಮತಿಯಿಲ್ಲದೆ ಜಾಗದ ಸ್ವರೂಪ ಬದಲಿಸುವಂತಿಲ್ಲ. 50 ಸೆಂಟ್ಸ್‌ಗಿಂತ ಹೆಚ್ಚಿನ ಜಾಗವಾದರೆ ಹತ್ತರಲ್ಲೊಂದು ಪಾಲನ್ನು ನೀರಿನ ಸಂರಕ್ಷಣೆಗೆ ಬಿಡಬೇಕು, ನೆರೆಯ ಗದ್ದೆಗಳಿಗೆ ನೀರು ಹರಿಯುವುದಕ್ಕೆ ಅಡ್ಡಿಯಾಗಬಾರದು. 25 ಸೆಂಟ್ಸ್‌ವರೆಗೆ ಶುಲ್ಕವಿಲ್ಲ ಎಂಬ ವಿನಾಯಿತಿಯನ್ನು ನೆಚ್ಚಿಕೊಂಡು ದೊಡ್ಡ ಗದ್ದೆಯನ್ನು ತುಂಡು ತುಂಡಾಗಿ ಬರೆಸಿಕೊಳ್ಳುವುದುಂಟು; ಆ ವಿನಾಯಿತಿ 2017ರ ಡಿಸೆಂಬರ್ 30ರಂದು ಇದ್ದ ವಿಸ್ತೀರ್ಣಕ್ಕೆ ಮಾತ್ರ, ಆಮೇಲಿನ ತುಂಡುಗಳಿಗಲ್ಲ. ನಿಮ್ಮ ಬಯಲಿನ ಮಾರಾಟ ನಡೆದದ್ದು ಕಳೆದ ವರ್ಷವಾದ್ದರಿಂದ ಇದನ್ನು ಗಮನಿಸಿ.

ಎರಡರಲ್ಲಿಯೂ ಇಲ್ಲವಾದರೆ ನೆಲ್‌ವಯಲ್ ಕಾಯಿದೆಯ ಬಲ ಕಡಿಮೆ. ಆಗ ತೋಡನ್ನು ಹಿಡಿಯಬೇಕು. ಅದರ ಮಾತು ಮುಂದೆ ಬರುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ನಂಬ್ರ ಡೇಟಾ ಬ್ಯಾಂಕಿನಲ್ಲಿದ್ದರೆ ಜಾಗ ಕೊಂಡವರು ಸುಮ್ಮನಿರುವುದಿಲ್ಲ. ಅದನ್ನು ಪಟ್ಟಿಯಿಂದ ತೆಗೆಯುವಂತೆ ಫಾರ್ಮ್ 5ರಲ್ಲಿ ಆರ್‌ಡಿಒಗೆ ಅರ್ಜಿ ಕೊಡುತ್ತಾರೆ. ಆಗ ಮುಖ್ಯವಾಗುವ ಪ್ರಶ್ನೆ ಕಾಯಿದೆ ಜಾರಿಗೆ ಬಂದ 2008ರ ಆಗಸ್ಟ್ 12ರಂದು ಆ ಜಾಗ ಹೇಗಿತ್ತು, ಭತ್ತಕ್ಕೆ ತಕ್ಕದ್ದಾಗಿತ್ತೆ ಎಂಬುದು. ಹಡಿಲು ಬಿದ್ದಿದೆ, ಮಳೆಗಾಲದಲ್ಲಿ ನೀರು ನಿಲ್ಲುತ್ತದೆ ಎಂಬಷ್ಟರಿಂದಲೇ ಒಂದು ಜಾಗವನ್ನು ಗದ್ದೆ ಎನ್ನಲಾಗದು, ಆರ್‌ಡಿಒ ಸ್ವತಂತ್ರವಾಗಿ ಪರಿಶೀಲಿಸಬೇಕು ಎಂದು ಕೇರಳ ಹೈಕೋರ್ಟು ಹೇಳಿದೆ. ಹಾಗಾಗಿ ‘ನಮ್ಮ ಅಜ್ಜನ ಕಾಲದಿಂದ ಗದ್ದೆ’ ಎಂಬ ಮಾತಿಗಿಂತ 2008ರ ಹೊತ್ತಿನ ಸಾಕ್ಷ್ಯಕ್ಕೆ ಬೆಲೆ ಹೆಚ್ಚು. ಉಪಗ್ರಹ ಚಿತ್ರದ ವರದಿಯನ್ನು ರಾಜ್ಯ ರಿಮೋಟ್ ಸೆನ್ಸಿಂಗ್ ಮತ್ತು ಪರಿಸರ ಕೇಂದ್ರದಿಂದ ತರಿಸಿಕೊಳ್ಳುವ ಪದ್ಧತಿಯಿದೆ; ಅದನ್ನು ತರಿಸಬೇಕೆಂದು ನೀವು ಲಿಖಿತವಾಗಿ ಕೇಳಿ. ಆ ಮನೆಯವರು ಕೃಷಿ ಭವನದಿಂದ ಬಿತ್ತನೆ ಬೀಜ, ಸಹಾಯಧನ ಪಡೆದ ದಾಖಲೆ, ಆ ಗದ್ದೆಯಲ್ಲಿ ನಡೆದ ನಾಟಿಯ ಫೋಟೋ, ಪಕ್ಕದ ಗದ್ದೆಯ ಆಧಾರಪತ್ರದಲ್ಲಿ (ಕ್ರಯಪತ್ರದಲ್ಲಿ) ಎಲ್ಲೆ ಹೇಳುವಾಗ ‘ಮೂಡಕ್ಕೆ ಇಂಥವರ ಗದ್ದೆ’ ಎಂದು ಬರೆದಿರುವ ಸಾಲು, ಇವೆಲ್ಲವೂ ಬೇಕು. ಹಳೆಯ ಆಲ್ಬಮ್‌ಗಳನ್ನು ತೆರೆದು ನೋಡಿ. ಒಂದು ಮದುವೆಯ ದಿಬ್ಬಣದ ಹಿಂದೆ ಕಾಣುವ ಹಸಿರು ಗದ್ದೆ ಒಮ್ಮೆ ಪ್ರಕರಣಕ್ಕೆ ಸಹಾಯವಾದದ್ದನ್ನು ನಾನು ಕಂಡಿದ್ದೇನೆ.

ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಬಹುದು. 1969ರ ಕೇರಳ ಅಧಿಕೃತ ಭಾಷೆಗಳ ಕಾಯಿದೆಯ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆಗಳ ಸರಕಾರಿ ಕಚೇರಿಗಳೊಂದಿಗೂ ಸೆಕ್ರೆಟೇರಿಯಟ್‌ನೊಂದಿಗೂ ಕನ್ನಡಿಗರು ಕನ್ನಡದಲ್ಲಿ ಪತ್ರ ವ್ಯವಹಾರ ಮಾಡಬಹುದು. ಉತ್ತರವನ್ನೂ ಕನ್ನಡದಲ್ಲಿ ಪಡೆಯುವ ಹಕ್ಕಿದೆ. ಮಲಯಾಳ ಓದಲು ಬಾರದ ಹಿರಿಯರು ಸಾರ್ವಜನಿಕ ಪ್ರಕಟಣೆಯನ್ನು ನೋಡಿಯೂ ಆಕ್ಷೇಪ ಸಲ್ಲಿಸದೆ ಬಿಟ್ಟ ಉದಾಹರಣೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಹಕ್ಕನ್ನು ಸಾಧಿಸುವ ಉತ್ಸಾಹದಲ್ಲಿ ಕೆಲಸ ತಡವಾಗಬಾರದು. ರಾತ್ರಿ ಟಿಪ್ಪರ್ ಬರುತ್ತಿರುವಾಗ ಕನ್ನಡದ ಅರ್ಜಿಯ ಜೊತೆಗೆ ಮಲಯಾಳದ ಒಂದು ಪ್ರತಿಯನ್ನೂ ಇಟ್ಟು, ಸ್ವೀಕೃತಿ ರಶೀದಿ ಪಡೆದು ಹೊರಡುವುದು ಜಾಣತನ.

ಇನ್ನು ಗುಡ್ಡದ ಮಾತು. ನೀವು ಕೋರೆಯನ್ನು ಬೇರೆಯೇ ಸಮಸ್ಯೆಯೆಂಬಂತೆ ಕೊನೆಯಲ್ಲಿ ಬರೆದಿದ್ದೀರಿ. ನನ್ನ ದೃಷ್ಟಿಯಲ್ಲಿ ಗದ್ದೆಗೆ ಬೀಳುವ ಮಣ್ಣಿಗಿಂತ ಅದು ದೊಡ್ಡದು.

ನಮ್ಮ ಗುಡ್ಡಗಳ ಮೇಲ್ಪದರ ಮುರಕಲ್ಲು, ಅಂದರೆ ಕೋರೆಯಲ್ಲಿ ಕಡಿಯುವ ಅದೇ ಕೆಂಪುಕಲ್ಲು. ತೂತು ತೂತಾದ ಆ ಕಲ್ಲು ಮಳೆನೀರನ್ನು ಕುಡಿಯುತ್ತದೆ. ಅದರ ಅಡಿಯಲ್ಲಿರುವ ಜೇಡಿಯಂಥ ಶೇಡಿ ಮಣ್ಣು ನೀರನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಹಾಗಾಗಿ ಕಲ್ಲಿನೊಳಗೆ ಇಳಿದ ನೀರು ಶೇಡಿಯ ಮೇಲೆ ಅಡ್ಡಕ್ಕೆ ಸರಿಯುತ್ತಾ ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ನಮ್ಮ ಹಿರಿಯರು ಗುಡ್ಡಕ್ಕೆ ಅಡ್ಡಲಾಗಿ ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲದ ಸುರಂಗ ಕೊರೆದದ್ದು ಆ ನೀರನ್ನು ಹುಡುಕಿಕೊಂಡು. ಪಂಪು ಬೇಡ, ಹಗ್ಗ ಬೇಡ, ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಅದೇ ನೀರು ಬಯಲಿನ ಬಾವಿಗಳನ್ನೂ ತೋಡನ್ನೂ ಮಳೆ ನಿಂತ ಮೇಲೆ ಜೀವಂತ ಇಡುತ್ತದೆ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ. ಒಂದು ಎಕ್ರೆ ಜಾಗದ ಮೇಲೆ ಅಷ್ಟು ಮಳೆ ಎಂದರೆ ಸುಮಾರು 1.4 ಕೋಟಿ ಲೀಟರ್. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಬೀಳುತ್ತದೆ, ಇಳಿಜಾರಿನಲ್ಲಿ ಓಡುತ್ತದೆ, ಕೆಲವೇ ಗಂಟೆಗಳಲ್ಲಿ ಸಮುದ್ರ ಸೇರುತ್ತದೆ. ಇಷ್ಟು ಮಳೆಯ ಊರಿನಲ್ಲಿಯೇ ಕೇಂದ್ರ ಅಂತರ್ಜಲ ಮಂಡಳಿ ಕಾಸರಗೋಡು ಬ್ಲಾಕನ್ನು ಹಿಂದೆ ‘ಗಂಭೀರ’ ವರ್ಗದಲ್ಲಿ ಇರಿಸಿತ್ತು. ಜಿಲ್ಲೆಯಲ್ಲಿ ಹನ್ನೆರಡು ಹೊಳೆಗಳಿವೆ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಮಾರ್ಚ್ ತಿಂಗಳಲ್ಲಿ ಅವುಗಳಲ್ಲಿ ಎಷ್ಟು ಹರಿಯುತ್ತವೆ ಎಂದು ಯಾರೂ ಕೇಳುವುದಿಲ್ಲ.

ಕೋರೆ ತೆಗೆಯುವುದೆಂದರೆ ನೀರು ಕುಡಿಯುವ ಪದರವನ್ನೇ ಇಟ್ಟಿಗೆಯಂತೆ ಕೊಯ್ದು ಮಾರುವುದು. ಕಲ್ಲು ಮುಗಿದ ಮೇಲೆ ಉಳಿಯುವುದು ಬರಿಯ ಶೇಡಿ. ಅದಕ್ಕೆ ಮಳೆ ಬಿದ್ದರೆ ನೀರು ಇಳಿಯುವುದಿಲ್ಲ. ಮಣ್ಣೇ ಕರಗಿ ಕೆಸರಾಗಿ ಗದ್ದೆಗೆ ಬರುತ್ತದೆ, ಇಲ್ಲವೆ ಗುಡ್ಡದ ಇಡೀ ಬದಿ ಜಾರುತ್ತದೆ. ಹೆದ್ದಾರಿ ಅಗಲಗೊಳಿಸಲು ಗುಡ್ಡಗಳನ್ನು ನೆಟ್ಟಗೆ ಕಡಿದ ಮೇಲೆ ಏನಾಗುತ್ತದೆ ಎಂಬುದನ್ನು 2025ರ ಜುಲೈಯಲ್ಲಿ ಚೆರುವತ್ತೂರಿನ ವೀರಮಲೆಯಲ್ಲಿ ಎಲ್ಲರೂ ನೋಡಿದ್ದಾರೆ. ಗುಡ್ಡದ ಮೇಲೆ ಮಾಡಿದ್ದು ಬಯಲಿಗೆ ಇಳಿದೇ ಇಳಿಯುತ್ತದೆ ಎಂಬುದಕ್ಕೆ ಎಣ್ಮಕಜೆಗಿಂತ ಕಹಿಯಾದ ಸಾಕ್ಷಿ ಬೇಕಾಗಿಲ್ಲ. ಅಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೆಳಗಿನ ತೋಡು, ಬಾವಿ, ಸುರಂಗಗಳನ್ನು ಸೇರಿತು.

ಗದ್ದೆಯ ಕೆಲಸವೂ ಇದಕ್ಕೆ ಸೇರಿಕೊಂಡೇ ಇದೆ. ಹುಣಿ ಕಟ್ಟಿದ ಒಂದು ಎಕ್ರೆ ಗದ್ದೆಯಲ್ಲಿ 10 ಸೆಂಟಿಮೀಟರ್ ನೀರು ನಿಂತರೆ ಅದು ನಾಲ್ಕು ಲಕ್ಷ ಲೀಟರ್. ಮಳೆಗಾಲದುದ್ದಕ್ಕೂ ಅದು ತುಂಬುತ್ತದೆ, ಇಂಗುತ್ತದೆ, ಮತ್ತೆ ತುಂಬುತ್ತದೆ. ಬಯಲು, ಮಜಲು, ಬೆಟ್ಟು ಎಂದು ನಮ್ಮವರು ಗದ್ದೆಗಳನ್ನು ವಿಂಗಡಿಸಿದ್ದು ಈ ನೀರಿನ ಲೆಕ್ಕದಿಂದ. ಬೆಟ್ಟು ಗದ್ದೆಯಲ್ಲಿ ಮೊದಲ ಬೆಳೆಯಾದ ಏಣೆಲು ಮಾತ್ರ, ಮಜಲಿನಲ್ಲಿ ಎರಡನೆಯ ಬೆಳೆ ಸುಗ್ಗಿಯೂ ಆಗುತ್ತದೆ, ಬಯಲಿನಲ್ಲಿ ನೀರಿದ್ದರೆ ಮೂರನೆಯ ಬೆಳೆ ಕೊಳಕೆಯೂ ಆಗುತ್ತದೆ. ನಿಮ್ಮದು ಬಯಲು ಗದ್ದೆಯಾದ್ದರಿಂದ ಇಡೀ ಗುಡ್ಡದ ನೀರು ಕೊನೆಗೆ ತಂಗುವ ಜಾಗ ಅದು. ಒಂದು ಎಕ್ರೆಯನ್ನು ಒಂದೂವರೆ ಮೀಟರ್ ಎತ್ತರಿಸಲು ಸುಮಾರು 6,000 ಘನ ಮೀಟರ್ ಮಣ್ಣು ಬೇಕು. ಒಂದು ಟಿಪ್ಪರ್ ಆರು ಘನ ಮೀಟರ್ ಹೊರುತ್ತದೆ ಎಂದಿಟ್ಟುಕೊಂಡರೆ ಸಾವಿರ ಲೋಡು. ಆ ಸಾವಿರ ಲೋಡು ಎಲ್ಲಿಂದ ಬಂತು? ಇನ್ನೊಂದು ಊರಿನ ಗುಡ್ಡದಿಂದ, ಅಥವಾ ನಿಮ್ಮದೇ ಗುಡ್ಡದಿಂದ. ಈ ಪ್ರಶ್ನೆಯನ್ನು ಅರ್ಜಿಯಲ್ಲಿಯೂ ಕೇಳಬೇಕು. ಸಾಧಾರಣ ಮಣ್ಣು ತೆಗೆಯುವುದಕ್ಕೂ ಕೆಂಪುಕಲ್ಲಿನ ಕೋರೆಗೂ 2015ರ ಕಿರು ಖನಿಜ ನಿಯಮಗಳ ಪ್ರಕಾರ ಮೈನಿಂಗ್ ಆಂಡ್ ಜಿಯಾಲಜಿ ಇಲಾಖೆಯ ಪರವಾನಗಿ ಬೇಕು, ಸಾಗಾಟಕ್ಕೆ ಪಾಸ್ ಬೇಕು. ಪರವಾನಗಿಯ ಪ್ರತಿ, ಅದರಲ್ಲಿರುವ ಸರ್ವೆ ನಂಬ್ರ, ಆಳ, ಅವಧಿ ಇವನ್ನು ಮಾಹಿತಿ ಹಕ್ಕಿನಲ್ಲಿ ಪಡೆದು ಸ್ಥಳದೊಂದಿಗೆ ಹೋಲಿಸಿ ನೋಡಿ. ರಾತ್ರಿ ಹೊತ್ತು ಮಾತ್ರ ಓಡುವ ಟಿಪ್ಪರಿಗೆ ಪಾಸ್ ಇರುವ ಸಂಭವ ಕಡಿಮೆ ಎಂಬುದು ನನ್ನ ಅಂದಾಜು.

ಇದಕ್ಕೆ ಪೂರಕವಾಗಿ ಖರ್ಚಿಲ್ಲದ ಒಂದು ಕೆಲಸವನ್ನು ಇಂದೇ ಆರಂಭಿಸಿ. ಐದು ಮನೆಗಳ ಬಾವಿಯ ನೀರಿನ ಮಟ್ಟವನ್ನು ಪ್ರತಿ ಭಾನುವಾರ ಹಗ್ಗ ಇಳಿಸಿ ಅಳೆದು ಒಂದು ಪುಸ್ತಕದಲ್ಲಿ ದಿನಾಂಕ ಸಹಿತ ಬರೆಯಿರಿ. ಎರಡು ಸುರಂಗಗಳಿಂದ ಒಂದು ಕೊಡ ತುಂಬಲು ಎಷ್ಟು ಹೊತ್ತು ಬೇಕು ಎಂಬುದನ್ನೂ ಬರೆಯಿರಿ. ಕೋರೆಯಿಂದ ನೀರು ಬತ್ತಿತು ಎಂದು ಎರಡು ವರ್ಷಗಳ ಬಳಿಕ ಹೇಳುವಾಗ ‘ಮೊದಲು ಎಷ್ಟಿತ್ತು’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ನಿಮ್ಮ ಕೈಯಲ್ಲಿ ಈ ಪುಸ್ತಕ ಇರಬೇಕು.

ತೋಡಿನ ಮಾತಿಗೆ ಬರೋಣ. ಮಣ್ಣು ತೋಡಿನೊಳಗೆ ಬಿದ್ದಿದೆಯಾದರೆ ಅದು ಖಾಸಗಿ ಜಾಗದ ಪ್ರಶ್ನೆಯೇ ಅಲ್ಲ. 1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯ 218ನೇ ಸೆಕ್ಷನ್ ಸಾರ್ವಜನಿಕ ತೋಡು, ಒರತೆ, ಕೆರೆಗಳನ್ನು ಪಂಚಾಯತಿನ ವಶಕ್ಕೆ ಕೊಟ್ಟಿದೆ. ಸರಕಾರಿ ಪುರಂಬೋಕಿನ ಅತಿಕ್ರಮಣ ತೆರವಿಗೆ 1957ರ ಭೂ ಸಂರಕ್ಷಣಾ ಕಾಯಿದೆಯಿದೆ. ಗ್ರಾಮದ ಕೆರೆ, ಸಾರ್ವಜನಿಕ ಭೂಮಿಗಳ ಅತಿಕ್ರಮಣವನ್ನು ಸಕ್ರಮಗೊಳಿಸಬಾರದು, ತೆರವು ಮಾಡಬೇಕು ಎಂದು ಸುಪ್ರೀಂ ಕೋರ್ಟು 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಅನ್ವಯವಾಗುವಂತೆ ಹೇಳಿದೆ. ತಾಲೂಕು ಸರ್ವೆಯವರಿಂದ ತೋಡನ್ನು ಅಳತೆ ಮಾಡಿಸಲು ಅರ್ಜಿ ಕೊಡಿ. ನಕ್ಷೆಯಲ್ಲಿ ತೋಡಿನ ಅಗಲ ಎಷ್ಟು, ಸ್ಥಳದಲ್ಲಿ ಎಷ್ಟು ಎಂಬುದು ಒಮ್ಮೆ ಕಾಗದಕ್ಕೆ ಬಂದರೆ ಆಮೇಲೆ ವಾದಕ್ಕೆ ಎಡೆಯಿಲ್ಲ. ಗದ್ದೆ ಡೇಟಾ ಬ್ಯಾಂಕಿನಲ್ಲಿ ಇಲ್ಲದಿದ್ದರೂ ಈ ಹಾದಿ ತೆರೆದಿರುತ್ತದೆ. ಯಾವ ಕಚೇರಿಯೂ ಕಿವಿಗೊಡದಿದ್ದರೆ ಚೆನ್ನೈಯಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠವಿದೆ. ಅಲ್ಲಿಗೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಹೋಗಬೇಕಾಗುವುದರಿಂದ ಮಣ್ಣು ಬೀಳಲಾರಂಭಿಸಿದ ದಿನಾಂಕವನ್ನು ಮರೆಯದೆ ಗುರುತು ಹಾಕಿಡಿ.

ಗುಡ್ಡದ ಕಾಡು ಮತ್ತು ನಾಗಬನಕ್ಕೆ ಇಷ್ಟು ನೇರವಾದ ಕಾಯಿದೆಯ ರಕ್ಷಣೆ ಇರಲಾರದು. ರಕ್ಷಿತಾರಣ್ಯವಲ್ಲದ ಖಾಸಗಿ ಗುಡ್ಡಗಳೇ ನಮ್ಮಲ್ಲಿ ಹೆಚ್ಚು. ಅವಕ್ಕೆ ಉಪಯೋಗವಾಗುವುದು ಪಂಚಾಯತಿನ ಜೀವವೈವಿಧ್ಯ ನಿರ್ವಹಣಾ ಸಮಿತಿ. 2002ರ ಜೀವವೈವಿಧ್ಯ ಕಾಯಿದೆಯಂತೆ ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಇಡಬೇಕು. ಬನದ ಮರಗಳು, ತೋಡಿನ ಮೀನು, ಸುರಂಗ, ಒರತೆ ಎಲ್ಲವೂ ಅದರಲ್ಲಿ ಸೇರುವಂತೆ ನೋಡಿ. ಹೆಸರು ಬರೆದಿಟ್ಟದ್ದಕ್ಕೆ ಒಂದು ತೂಕ ಬರುತ್ತದೆ. ಸ್ವಂತ ಮರ, ಹೂ, ಹಕ್ಕಿ, ಜೀವಿಗಳನ್ನು ಘೋಷಿಸಿಕೊಂಡ ದೇಶದ ಮೊದಲ ಜಿಲ್ಲೆ 2023ರಲ್ಲಿ ನಮ್ಮ ಕಾಸರಗೋಡು. ಮರ ಕಾಸರಕ; ಊರಿನ ಹೆಸರು ಬಂದದ್ದೇ ಆ ಮರದಿಂದ ಎಂದು ಹೇಳುವವರಿದ್ದಾರೆ. ಹೂವು ಪೆರಿಯದ ಮುರಕಲ್ಲು ಪ್ರದೇಶದ ಹಳ್ಳದಲ್ಲಿ ಬೆಳೆಯುವ ಒಂದು ಬಿಳಿ ನೀರುಹೂ. ವಿಜ್ಞಾನಿಗಳು ಅದನ್ನು ಹೊಸ ಪ್ರಭೇದವೆಂದು ವಿವರಿಸಿದ್ದು 2012ರಲ್ಲಿ. ಜೀವಿ ಚಂದ್ರಗಿರಿ ಹೊಳೆಯಲ್ಲಿರುವ ದೊಡ್ಡ ಮೆತ್ತನೆ ಚಿಪ್ಪಿನ ಆಮೆ. ನಿಮ್ಮ ತೋಡಿನಲ್ಲಿ ಇವು ಇರಬೇಕೆಂದಿಲ್ಲ. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಹಳ್ಳದಲ್ಲಿಯೂ ವಿಜ್ಞಾನಕ್ಕೆ ಹೊಸದಾದ ಹೂ ಇರಬಹುದು ಎಂಬುದಕ್ಕೆ ಪೆರಿಯದ ಉದಾಹರಣೆ ಸಾಕು. ನಾಗಬನ, ಕಾವುಗಳ ಸಂರಕ್ಷಣೆಗೆ ಅರಣ್ಯ ಇಲಾಖೆಯ ಧನಸಹಾಯ ಯೋಜನೆಯೂ ಇದೆ. ಇವೆಲ್ಲದಕ್ಕೂ ವಾರ್ಡಿನ ಗ್ರಾಮಸಭೆಯ ನಿರ್ಣಯ ಬೆನ್ನಿಗಿದ್ದರೆ ಒಳ್ಳೆಯದು. ನಿರ್ಣಯ ಓದಿ ಹೇಳಿದರೆ ಸಾಲದು, ನಡವಳಿ ಪುಸ್ತಕದಲ್ಲಿ ದಾಖಲಾಗಿದೆಯೇ ಎಂದು ನೋಡಿಕೊಂಡು ಎದ್ದುಬನ್ನಿ.

ಈಗ ಸ್ವಲ್ಪ ಅಪ್ರಿಯವಾದ ಮಾತು. ಆ ಎರಡು ಗದ್ದೆಗಳು ಮಾರಾಟವಾದದ್ದು ಅವು ಹಡಿಲು ಬಿದ್ದದ್ದರಿಂದ. ಉಳಿದವರ ಗದ್ದೆಗಳಲ್ಲಿ ಎಷ್ಟರಲ್ಲಿ ಅಡಿಕೆ ಸಸಿ ಎದ್ದಿದೆ ಎಂದು ನೀವು ಬರೆದಿಲ್ಲ. ನಮ್ಮ ಜಿಲ್ಲೆ ಅಡಿಕೆಯಲ್ಲಿ ಕೇರಳಕ್ಕೇ ಮೊದಲು. ಆ ತೋಟಗಳಲ್ಲಿ ಎಷ್ಟೋ ಹಿಂದೆ ಗದ್ದೆಯಾಗಿದ್ದವು. ಕಾಯಿದೆ ಟಿಪ್ಪರನ್ನೂ ಅಡಿಕೆ ಸಸಿಯನ್ನೂ ಒಂದೇ ಕಣ್ಣಿನಿಂದ ನೋಡಬಹುದು. ಗದ್ದೆಯ ನೀರಿನ ಸ್ವಭಾವ ಕೆಡದಂತೆ ಭತ್ತದ ನಡುವಿನ ಅವಧಿಯಲ್ಲಿ ತರಕಾರಿ, ಉದ್ದು, ಹೆಸರು ಹಾಕುವುದಕ್ಕೆ ಅಡ್ಡಿಯಿಲ್ಲ. ದೂರು ಕೊಡುವ ಮೊದಲು ನಿಮ್ಮ ಐದು ಮನೆಗಳವರು ಇದನ್ನು ತಮ್ಮತಮ್ಮೊಳಗೆ ಮಾತಾಡಿ ಮುಗಿಸಿಕೊಳ್ಳಬೇಕು. ಇಲ್ಲವಾದರೆ ಮೊದಲ ವಿಚಾರಣೆಯಲ್ಲಿಯೇ ಎದುರಿನವರು ನಿಮ್ಮ ಅಡಿಕೆ ಗಿಡದ ಫೋಟೋ ತೋರಿಸುತ್ತಾರೆ.

ಗದ್ದೆ ಹಡಿಲು ಬೀಳುವುದಕ್ಕೆ ಒಂದು ಕಾರಣ ಆಳು ಸಿಗದಿರುವುದು. ಇನ್ನೊಂದು, ಯಾರೂ ಬಾಯಿಬಿಟ್ಟು ಹೇಳದ ಭಯ. ಗೇಣಿಗೆ ಕೊಟ್ಟರೆ ಭೂಮಿ ಕೈತಪ್ಪಿ ಹೋದೀತು ಎಂದು 1970ರ ಭೂಸುಧಾರಣೆಯನ್ನು ಕಂಡ ಮನೆಗಳು ಈಗಲೂ ಅಂಜುತ್ತವೆ. ಭೂಸುಧಾರಣಾ ಕಾಯಿದೆಯೇ ಹೊಸ ಗೇಣಿಯನ್ನು ನಿಷೇಧಿಸಿರುವುದರಿಂದ ಬಾಯಿಮಾತಿನ ಒಪ್ಪಂದಕ್ಕೆ ಇಬ್ಬರೂ ಹಿಂಜರಿಯುತ್ತಾರೆ. ಇದಕ್ಕೆ ಉಪಾಯವೆಂದರೆ ಪಾಡಶೇಖರ ಸಮಿತಿ (ಒಂದು ಬಯಲಿನ ಬೇಸಾಯಗಾರರ ಕೂಟ) ಅಥವಾ ಕುಟುಂಬಶ್ರೀ ಮಹಿಳಾ ಗುಂಪಿನ ಮೂಲಕ ಒಂದೊಂದು ಬೆಳೆಗೆ ಮಾತ್ರ, ಕೃಷಿ ಭವನದ ತಿಳಿವಿನಲ್ಲಿ, ಬರಹದ ಒಪ್ಪಿಗೆಯೊಂದಿಗೆ ಬೇಸಾಯ ಮಾಡಿಸುವುದು. ಗದ್ದೆಯನ್ನು ಗದ್ದೆಯಾಗಿ ಉಳಿಸಿದ ಒಡೆಯನಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿಯ ರಾಯಲ್ಟಿಯನ್ನು ಕೇರಳ ಸರಕಾರ 2020ರಲ್ಲಿ ಆರಂಭಿಸಿತು. ದೊಡ್ಡ ಮೊತ್ತವೇನೂ ಅಲ್ಲ. ಆದರೆ ಆ ಹಣ ಸಂದಾಯವಾದ ದಾಖಲೆ, ಮುಂದೆ ಫಾರ್ಮ್ 5ರ ಅರ್ಜಿ ಬಂದಾಗ, ‘ಇದು ಗದ್ದೆ’ ಎಂದು ಒಡೆಯನೇ ಒಪ್ಪಿಕೊಂಡ ಸಾಕ್ಷ್ಯವಾಗುತ್ತದೆ. ಊರಲ್ಲಿಲ್ಲದ ಇನ್ನುಳಿದ ಒಡೆಯರಿಗೆ ಫೋನ್ ಮಾಡಿ, ಮಾರುವ ಯೋಚನೆ ಬರುವ ಮೊದಲೇ, ಈ ವ್ಯವಸ್ಥೆಗೆ ಒಪ್ಪಿಸಿ. ಮಕ್ಕಳ ಮನೆ, ರಸ್ತೆಯ ಪ್ರಶ್ನೆಗೂ ಇದೇ ಹೊತ್ತಿನಲ್ಲಿ ಉತ್ತರ ಕಂಡುಕೊಳ್ಳಿ: ಬಯಲಿನ ಅಂಚಿನ, ಗದ್ದೆಯಲ್ಲದ ಯಾವ ಎತ್ತರದ ಜಾಗದಲ್ಲಿ ಮನೆಗಳಾಗಬಹುದು, ರಸ್ತೆ ತೋಡನ್ನು ದಾಟುವಲ್ಲಿ ಪೈಪು ಹಾಕದೆ ತೋಡಿನ ಪೂರ್ತಿ ಅಗಲಕ್ಕೆ ಮೋರಿ ಕಟ್ಟಿಸಲು ಸಾಧ್ಯವೇ ಎಂಬುದನ್ನು ನೀವೇ ನಕ್ಷೆಯಲ್ಲಿ ಗುರುತಿಸಿ ಗ್ರಾಮಸಭೆಯ ಮುಂದಿಟ್ಟರೆ, ‘ಇವರು ಎಲ್ಲದಕ್ಕೂ ಬೇಡ ಎನ್ನುವವರು’ ಎಂಬ ಮಾತಿಗೆ ಎಡೆ ಉಳಿಯುವುದಿಲ್ಲ.

ಕೊನೆಯದಾಗಿ ‘ಕಟ್ಟ’ದ, ಅಂದರೆ ತೋಡಿಗೆ ಅಡ್ಡಲಾಗಿ ಹಾಕುವ ತಾತ್ಕಾಲಿಕ ಒಡ್ಡಿನ ವಿಷಯ. ಏತಡ್ಕದವರು ವರ್ಷ ವರ್ಷ ತೋಡಿಗೆ ಸಾಲಾಗಿ ಕಟ್ಟ ಹಾಕುವುದನ್ನು ನಿಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ ಬನ್ನಿ, ನಿಮ್ಮಿಂದ ದೂರವೇನಿಲ್ಲ. ಕಲ್ಲು, ಮಣ್ಣು, ಅಡಿಕೆ ಮರದ ಸೀಳು, ಈಗೀಗ ಪ್ಲಾಸ್ಟಿಕ್ ಹಾಳೆ ಮತ್ತು ಮರಳಿನ ಚೀಲ, ಇಷ್ಟರಲ್ಲಿ ಆಗುವ ಕೆಲಸ. ನೀರು ನಿಂತಷ್ಟು ದಿನ ಎರಡೂ ದಂಡೆಯ ಬಾವಿಗಳು ಏರುತ್ತವೆ. ನಿಮ್ಮ ತೋಡಿನಲ್ಲಿ ನವೆಂಬರ್ ಕೊನೆಗೋ ಡಿಸೆಂಬರ್ ಆರಂಭಕ್ಕೋ ಹರಿವು ಮೊಣಕಾಲಿನಿಂದ ಕೆಳಗಿಳಿದಾಗ ಮೊದಲ ಕಟ್ಟ ಹಾಕಿ. ಮಣ್ಣು ತುಂಬಿಸಿದ ಕಡೆಯ ದಂಡೆ ಇನ್ನೂ ಸಡಿಲವಾಗಿರುವುದರಿಂದ ಅಲ್ಲಿ ಕಟ್ಟಿದರೆ ನೀರು ಬದಿಯಿಂದ ಕೊರೆದುಕೊಂಡು ಹೋಗುತ್ತದೆ, ಕಟ್ಟ ಕೊಚ್ಚಿಹೋದ ತಪ್ಪೂ ನಿಮ್ಮ ತಲೆಗೇ ಬರುತ್ತದೆ. ಅದಕ್ಕಿಂತ ಮೇಲೆ, ಸುರಂಗದ ನೀರು ತೋಡಿಗೆ ಸೇರುವ ಜಾಗದ ಸ್ವಲ್ಪ ಕೆಳಗೆ, ಎರಡೂ ಬದಿ ಗಟ್ಟಿ ನೆಲವಿರುವಲ್ಲಿ ಹಾಕಿ. ಹಾಕಿದ ದಿನ ವಾರ್ಡು ಸದಸ್ಯರನ್ನೂ ಕೃಷಿ ಅಧಿಕಾರಿಯನ್ನೂ ಕರೆಯಿರಿ, ಫೋಟೋ ತೆಗೆಯಿರಿ, ಬಾವಿಯ ಪುಸ್ತಕದಲ್ಲಿ ಅಂದಿನ ಅಳತೆಯನ್ನೂ ಬರೆಯಿರಿ.